ಸಂಖ್ಯಾರೇಖೆ ಮತ್ತು ಎಲ್ಲೆಯ ಚುಕ್ಕೆ

ನಮ್ಮ ಊರಿನ ಪಕ್ಕದಲ್ಲಿ ಹೆದ್ದಾರಿಯೊಂದು ಹಾದುಹೋಗುತ್ತದೆ. ಅದರ ಅಂಚಿನಲ್ಲಿ ಕಿಲೋಮೀಟರಿಗೊಂದರಂತೆ ಕಲ್ಲುಗಳನ್ನು ನೆಟ್ಟಿದ್ದಾರೆ. ಎರಡು ದೊಡ್ಡ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳೂ ಇವೆ. ನನ್ನ ತಂದೆಯವರು ಹಲವು ವರ್ಷ ಆ ರಸ್ತೆಯಲ್ಲಿ ಗ್ಯಾಂಗ್ ಕೂಲಿಯಾಗಿ ದುಡಿದವರು. ಅವರಿಗೆ ಓದುಬರಹ ಬಾರದು. ಆದರೆ ಕಲ್ಲಿನ ಮೇಲಿನ ಅಂಕಿಗಳನ್ನು ಗುರುತಿಸಬಲ್ಲರು. “ಹನ್ನೆರಡರ ಕಲ್ಲು ದಾಟಿ ಆರರ ಕಲ್ಲಿನ ತಾವ ಗುಂಡಿ ಬಿದ್ದೈತೆ” ಎಂದು ಅವರು ಹೇಳಿದರೆ ಮೇಸ್ತ್ರಿಗೆ ಜಾಗ ತಟ್ಟನೆ ತಿಳಿಯುತ್ತಿತ್ತು. ತಂದೆಯವರು ಹೇಳುತ್ತಿದ್ದುದು 12.6 ಎಂಬ ದಶಮಾಂಶ ಸಂಖ್ಯೆಯನ್ನೇ ಎಂಬುದು ನನಗೆ ಹೊಳೆದದ್ದು ಈ ಕಾಲೇಜಿನಲ್ಲಿ ಗಣಿತವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಮೇಲೆ.

ಸಂಖ್ಯೆಯೊಂದು ಹೀಗೆ ಒಂದು ಸ್ಥಳವಾಗಿ ನಿಲ್ಲುವುದೇ ಸಂಖ್ಯಾರೇಖೆಯ ಮೂಲತತ್ತ್ವ. ಇದು ಪ್ರೌಢಶಾಲೆಯ ಪಾಠವಲ್ಲವೇ, ಇದರಲ್ಲಿ ಹೊಸತೇನಿದೆ ಎಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಈ ರೇಖೆಯ ಮೇಲಿನ ಒಂದು ಚುಕ್ಕೆಯನ್ನು ತುಂಬಬೇಕೋ ತುಂಬಬಾರದೋ ಎಂಬ ಪ್ರಶ್ನೆಯು ನಮ್ಮ ಮನೆಗೆ ಒಂದು ವರ್ಷದ ಸಾಲವನ್ನು ತಂದಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಗಣಿತವೆಂಬ ಹೆಸರು ಕೇಳಿದೊಡನೆ ಪುಟವನ್ನು ಮಗುಚಿಬಿಡುವ ಮಿತ್ರರು ಅಲ್ಲಿಯವರೆಗಾದರೂ ಓದಬೇಕೆಂದು ಪ್ರಾರ್ಥನೆ.

ಒಂದು ಸರಳರೇಖೆಯನ್ನು ಎಳೆದು, ಅದರ ಮೇಲೆ ಇಷ್ಟಬಂದ ಕಡೆ ಒಂದು ಬಿಂದುವನ್ನು ಗುರುತಿಸಿ ಅದಕ್ಕೆ 0 ಎಂದು ಹೆಸರಿಡೋಣ. ಇದು ಮೂಲಬಿಂದು. ಅದರ ಬಲಕ್ಕೆ ಸ್ವಲ್ಪ ದೂರದಲ್ಲಿ ಇನ್ನೊಂದು ಬಿಂದುವನ್ನು ಗುರುತಿಸಿ 1 ಎನ್ನೋಣ. 0ಯಿಂದ 1ಕ್ಕೆ ಇರುವ ದೂರವೇ ನಮ್ಮ ಅಳತೆಯ ಮಾನ. ಅದೇ ಮಾನದಿಂದ ಬಲಕ್ಕೆ ಅಳೆಯುತ್ತ ಹೋದರೆ 2, 3, 4 ಮೊದಲಾದವು, ಎಡಕ್ಕೆ ಅಳೆಯುತ್ತ ಹೋದರೆ −1, −2, −3 ಮೊದಲಾದವು ದೊರೆಯುತ್ತವೆ.

←— −3 — −2 — −1 — 0 — 1 — 2 — 3 —→

ಮೂಲಬಿಂದು, ಮಾನ, ದಿಕ್ಕು, ಈ ಮೂರನ್ನು ನಿರ್ಧರಿಸಿದ ಮೇಲೆ ಪ್ರತಿಯೊಂದು ಸಂಖ್ಯೆಗೂ ರೇಖೆಯ ಮೇಲೆ ಒಂದೇ ಒಂದು ಸ್ಥಾನವಿರುತ್ತದೆ. ಭಿನ್ನರಾಶಿಗಳಿಗೂ ಹಾಗೆಯೇ. 3/4 ಎಂಬುದನ್ನು ಗುರುತಿಸಬೇಕಾದರೆ 0ಗೂ 1ಕ್ಕೂ ನಡುವಣ ಭಾಗವನ್ನು ನಾಲ್ಕು ಸಮಪಾಲು ಮಾಡಿ ಮೂರನೆಯ ಗೆರೆಯಲ್ಲಿ ನಿಲ್ಲಬೇಕು. ಯಾವ ಎರಡು ಭಿನ್ನರಾಶಿಗಳನ್ನು ಕೊಟ್ಟರೂ ಅವೆರಡರ ಸರಾಸರಿಯು ಅವುಗಳ ನಡುವೆ ಬರುವುದರಿಂದ, ಎಷ್ಟೇ ಹತ್ತಿರದ ಎರಡು ಬಿಂದುಗಳ ನಡುವೆಯೂ ಮತ್ತೊಂದು ಸಂಖ್ಯೆ ಇದ್ದೇ ಇರುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಇಷ್ಟು ಒತ್ತಾಗಿ ಕುಳಿತ ಭಿನ್ನರಾಶಿಗಳೂ ರೇಖೆಯನ್ನು ಪೂರ್ತಿ ತುಂಬುವುದಿಲ್ಲ. 0ಯಿಂದ 1ರವರೆಗಿನ ಭಾಗವನ್ನೇ ಬಾಹುವಾಗಿಟ್ಟುಕೊಂಡು ಒಂದು ಚೌಕವನ್ನು ರಚಿಸಿದರೆ ಅದರ ಕರ್ಣದ ಉದ್ದ √2. ಕೈವಾರದ ಮೊನೆಯನ್ನು 0ಯಲ್ಲಿಟ್ಟು ಆ ಕರ್ಣದಷ್ಟು ಅಗಲಿಸಿ ಕಂಸವನ್ನೆಳೆದರೆ ಅದು ರೇಖೆಯನ್ನು 1.414ರ ತುಸು ಮುಂದೆ ಕಡಿಯುತ್ತದೆ. ಬಿಂದುವೇನೋ ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನು ಯಾವ ಭಿನ್ನರಾಶಿಯಿಂದಲೂ ಹೇಳಲಾಗದು. ಇಂಥವನ್ನು ಅಭಾಗಲಬ್ಧ ಸಂಖ್ಯೆಗಳೆನ್ನುವರು. ಇವನ್ನೂ ಸೇರಿಸಿಕೊಂಡಾಗ ರೇಖೆಯಲ್ಲಿ ಎಲ್ಲಿಯೂ ಸಂದು ಉಳಿಯದಂತೆ ಸಂಖ್ಯೆಗಳನ್ನು ವಿವರಿಸುವ ಬಗೆಯನ್ನು ಜರ್ಮನಿಯ ರಿಚರ್ಡ್ ಡೆಡೆಕಿಂಡ್ 1872ರಲ್ಲಿ ಪ್ರಕಟಿಸಿದನು.

ಇನ್ನು ಎಡಗಡೆಯ ಋಣಸಂಖ್ಯೆಗಳ ವಿಚಾರ. ಧನ, ಋಣ ಎಂಬ ನಮ್ಮ ಮಾತುಗಳ ಅರ್ಥವೇ ಐಶ್ವರ್ಯ ಮತ್ತು ಸಾಲ. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ ಮತ್ತು ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟನು. ಋಣವೆಂದರೆ ವಿರುದ್ಧ ದಿಕ್ಕು ಎಂಬ ಭಾವನೆಯೂ ನಮ್ಮಲ್ಲಿ ಹಳೆಯದೇ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ಒಂದು ತ್ರಿಕೋನದ ಲೆಕ್ಕವನ್ನು ಕೊಟ್ಟಿದ್ದಾನೆ. ಅದರ ಪಾದ 9, ಉಳಿದ ಬಾಹುಗಳು 10 ಮತ್ತು 17. ಶೃಂಗದಿಂದ ಲಂಬವನ್ನು ಇಳಿಸಿದರೆ ಪಾದವು ಎಷ್ಟೆಷ್ಟರ ಎರಡು ಖಂಡಗಳಾಗುತ್ತದೆ ಎಂಬುದು ಪ್ರಶ್ನೆ. ಲೆಕ್ಕ ಮಾಡಿದರೆ ಒಂದು ಖಂಡ 15, ಇನ್ನೊಂದು −6 ಎಂದು ಬರುತ್ತದೆ. ಉದ್ದವು ಋಣವಾಗುವುದೆಂತು? ಲಂಬವು ಪಾದದ ಹೊರಗೆ ಬಿದ್ದಿದೆ, ಆ ಖಂಡವು ವಿರುದ್ಧ ದಿಕ್ಕಿನಲ್ಲಿದೆ ಎಂಬುದೇ ಭಾಸ್ಕರನ ಸಮಾಧಾನ. 15 ಹೆಜ್ಜೆ ಮುಂದೆ ಹೋಗಿ 6 ಹೆಜ್ಜೆ ಹಿಂದೆ ಬಂದರೆ 9ರಲ್ಲಿ ನಿಲ್ಲುತ್ತೇವೆ. ಪಾದದ ಉದ್ದ ಸರಿಹೋಯಿತು. ಇಂಗ್ಲೆಂಡಿನ ಜಾನ್ ವಾಲಿಸನು 1685ರ ತನ್ನ ಬೀಜಗಣಿತದ ಗ್ರಂಥದಲ್ಲಿ, 5 ಗಜ ಮುಂದೆ ನಡೆದು 8 ಗಜ ಹಿಂದೆ ಸರಿದ ಮನುಷ್ಯನ ಉದಾಹರಣೆಯಿಂದ −3ನ್ನು ವಿವರಿಸಿದನು. ಇಬ್ಬರೂ ತೋರಿಸಿದ್ದು ಒಂದೇ: ಗುರುತು ಬದಲಾದರೆ ದಿಕ್ಕು ಬದಲಾಗುತ್ತದೆ.

ರೇಖೆಯ ಮೇಲೆ ಬಲಕ್ಕಿರುವುದು ದೊಡ್ಡದು, ಎಡಕ್ಕಿರುವುದು ಚಿಕ್ಕದು. ಹೀಗಾಗಿ 5 ಎಂಬುದು 2ಕ್ಕಿಂತ ದೊಡ್ಡದಾದರೂ −5 ಎಂಬುದು −2ಕ್ಕಿಂತ ಚಿಕ್ಕದು. ಇದು ಮೊದಲು ಕೇಳಿದಾಗ ವಿಚಿತ್ರವಾಗಿ ತೋರುವುದುಂಟು. ನಮ್ಮ ತಾಯಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರು ಊರಿನ ಹೆಂಗಸರ ಸ್ವಸಹಾಯ ಸಂಘದ ಸದಸ್ಯರು. ನಾನು ಒಲೆಯ ಮುಂದೆ ಇದ್ದಲಿನಿಂದ ರೇಖೆಯನ್ನೆಳೆದು ಎಡಗಡೆಯೆಲ್ಲ ಸಾಲ, ಬಲಗಡೆಯೆಲ್ಲ ಉಳಿತಾಯ ಎಂದಾಗ ಅವರು ಸೊನ್ನೆಯ ಮೇಲೆ ಬೆರಳಿಟ್ಟು, “ಇಲ್ಲಿಗೆ ಬಂದ್ರೆ ಸಾಕು ಕಣ್ ಮಗ, ಆಮೇಕೆ ನಿದ್ದೆ ಬತ್ತದೆ” ಎಂದರು. ಐದು ಸಾವಿರ ಕೊಡಬೇಕಾದವನಿಗಿಂತ ಎರಡು ಸಾವಿರ ಕೊಡಬೇಕಾದವನು ಮೇಲು, ಅವನಿಗಿಂತ ಕೈಯಲ್ಲಿ ಕಾಸಿಲ್ಲದಿದ್ದರೂ ಸಾಲವಿಲ್ಲದವನು ಮೇಲು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಉತ್ತರಗಳನ್ನು ರೇಖೆಯ ಮೇಲೆ ಗುರುತಿಸುವ ಕ್ರಮವನ್ನು ನೋಡೋಣ. 2ಕ್ಷ + 3 = 9 ಎಂಬ ಸಮೀಕರಣಕ್ಕೆ ಕ್ಷ = 3 ಎಂಬುದೊಂದೇ ಉತ್ತರ; ರೇಖೆಯ ಮೇಲೆ 3ರಲ್ಲಿ ಒಂದು ಚುಕ್ಕೆಯನ್ನಿಟ್ಟರೆ ಮುಗಿಯಿತು. ಕ್ಷ² = 4 ಎಂದರೆ 2 ಮತ್ತು −2 ಎಂಬೆಡೆ ಎರಡು ಚುಕ್ಕೆಗಳು. ಕ್ಷ² = −4 ಎಂದರೆ ರೇಖೆಯ ಮೇಲೆ ಚುಕ್ಕೆಯೇ ಇಲ್ಲ; ಏಕೆಂದರೆ ಬಲಗಡೆಯ ಸಂಖ್ಯೆಯನ್ನು ವರ್ಗ ಮಾಡಿದರೂ ಎಡಗಡೆಯ ಸಂಖ್ಯೆಯನ್ನು ವರ್ಗ ಮಾಡಿದರೂ ಧನವೇ ಬರುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಹೇಳಿದ್ದಾನೆ. ಅಂಥ ಉತ್ತರಗಳಿಗಾಗಿ ಗಣಿತಜ್ಞರು ರೇಖೆಯನ್ನು ಬಿಟ್ಟು ಸಮತಲಕ್ಕೆ ಹೋದದ್ದು ಬಹಳ ಕಾಲದ ಮೇಲಿನ ಮಾತು.

ಸಮೀಕರಣದ ಉತ್ತರ ಚುಕ್ಕೆಯಾದರೆ ಅಸಮತೆಯ ಉತ್ತರ ರೇಖೆಯ ಒಂದು ಭಾಗ. 2ಕ್ಷ + 3 < 9 ಎಂದರೆ ಕ್ಷ < 3. ಇಲ್ಲಿ 2 ಉತ್ತರ, 0 ಉತ್ತರ, −50 ಉತ್ತರ, 2.999 ಕೂಡ ಉತ್ತರ. 3 ಮಾತ್ರ ಉತ್ತರವಲ್ಲ. ಇವನ್ನೆಲ್ಲ ಪಟ್ಟಿ ಮಾಡುವುದು ಅಸಾಧ್ಯ. ಆದರೆ ರೇಖೆಯ ಮೇಲೆ 3ರ ಎಡಭಾಗವನ್ನೆಲ್ಲ ದಪ್ಪಗೆ ತಿದ್ದಿದರೆ ಒಂದೇ ನೋಟಕ್ಕೆ ತೋರುತ್ತದೆ. 3ರ ಮೇಲೆ ಪೊಳ್ಳು ಚುಕ್ಕೆಯನ್ನಿಡುತ್ತೇವೆ. ‘ಇಲ್ಲಿಯ ತನಕ ಬಾ, ಇದನ್ನು ಮುಟ್ಟಬೇಡ’ ಎಂಬುದು ಅದರ ಅರ್ಥ. ಪ್ರಶ್ನೆಯು 2ಕ್ಷ + 3 ≤ 9 ಎಂದಿದ್ದರೆ 3 ಕೂಡ ಉತ್ತರ. ಆಗ ಚುಕ್ಕೆಯನ್ನು ತುಂಬುತ್ತೇವೆ.

ಕ್ಷ < 3 : ←══ 0 ══ 1 ══ 2 ══ ○ 3 —— 4 ——

ಕ್ಷ ≤ 3 : ←══ 0 ══ 1 ══ 2 ══ ● 3 —— 4 ——

ಈ ಎರಡು ಚಿತ್ರಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಬಿಂದು. ಆದರೆ ಆ ಒಂದು ಬಿಂದುವಿನ ಪರಿಣಾಮ ಚಿಕ್ಕದಲ್ಲ. ತುಂಬಿದ ಚುಕ್ಕೆಯ ಚಿತ್ರದಲ್ಲಿ ಅತ್ಯಂತ ದೊಡ್ಡ ಉತ್ತರ ಯಾವುದೆಂದು ಕೇಳಿದರೆ 3 ಎನ್ನಬಹುದು. ಪೊಳ್ಳು ಚುಕ್ಕೆಯ ಚಿತ್ರದಲ್ಲಿ ಅತ್ಯಂತ ದೊಡ್ಡ ಉತ್ತರವೆಂಬುದೇ ಇಲ್ಲ. 2.9 ಎಂದರೆ 2.99 ಅದಕ್ಕಿಂತ ದೊಡ್ಡದು, 2.999 ಇನ್ನೂ ದೊಡ್ಡದು. ಎರಡು ಬಿಂದುಗಳ ನಡುವೆ ಸದಾ ಮತ್ತೊಂದಿರುತ್ತದೆಂದು ಮೊದಲೇ ಹೇಳಿದ್ದುದು ಇದಕ್ಕಾಗಿಯೇ.

ಇಲ್ಲಿ ಪರೀಕ್ಷೆಯಲ್ಲಿ ನಮ್ಮಲ್ಲಿ ಬಹುಮಂದಿ ಎಡವುವ ಒಂದು ಕಡೆಯನ್ನೂ ಸೂಚಿಸುತ್ತೇನೆ. −2ಕ್ಷ + 7 ≥ 1 ಎಂಬುದನ್ನು ಬಿಡಿಸಿದರೆ −2ಕ್ಷ ≥ −6 ಎಂದಾಗುತ್ತದೆ. ಈಗ −2ರಿಂದ ಭಾಗಿಸಿದಾಗ ಚಿಹ್ನೆಯು ತಿರುಗಿ ಕ್ಷ ≤ 3 ಎಂದಾಗಬೇಕು. ಏಕೆ ತಿರುಗಬೇಕು? ಋಣಸಂಖ್ಯೆಯಿಂದ ಗುಣಿಸುವುದಾಗಲಿ ಭಾಗಿಸುವುದಾಗಲಿ ರೇಖೆಯನ್ನು 0ಯ ಸುತ್ತ ಮಗುಚಿದ ಹಾಗೆ; ಬಲಕ್ಕಿದ್ದದ್ದು ಎಡಕ್ಕೆ, ಎಡಕ್ಕಿದ್ದದ್ದು ಬಲಕ್ಕೆ ಹೋಗುತ್ತದೆ. ಅನುಮಾನ ಬಂದರೆ ಒಂದು ಸಂಖ್ಯೆಯನ್ನು ಹಾಕಿ ನೋಡಬೇಕು. ಕ್ಷ = 4 ಆದರೆ −8 + 7 = −1; ಇದು 1ಕ್ಕಿಂತ ಚಿಕ್ಕದು, ಆದುದರಿಂದ 4 ಉತ್ತರವಲ್ಲ. ಕ್ಷ = 3 ಆದರೆ ಸರಿಯಾಗಿ 1 ಬರುತ್ತದೆ; ಆದುದರಿಂದ 3ರ ಚುಕ್ಕೆ ತುಂಬಿದ ಚುಕ್ಕೆ. ಎಲ್ಲೆಯಲ್ಲಿರುವ ಸಂಖ್ಯೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಅಭ್ಯಾಸ ಒಳ್ಳೆಯದು.

ಈಗ ಮೊದಲು ಹೇಳಿದ್ದ ಸಂಗತಿಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ಪಿ.ಯು.ಸಿ. ಮುಗಿಸಿ ಈ ಕಾಲೇಜಿಗೆ ಸೇರಿದಾಗ, ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವ ಒಂದು ಧರ್ಮಸಂಸ್ಥೆಗೆ ಅರ್ಜಿ ಹಾಕಿದೆ. ಅರ್ಜಿಯ ಹಿಂಬದಿಯಲ್ಲಿ ‘ಪೋಷಕರ ವಾರ್ಷಿಕ ಆದಾಯವು 1,00,000 ರೂಪಾಯಿಗಳನ್ನು ಮೀರಿರಬಾರದು’ ಎಂದು ಅಚ್ಚಾಗಿತ್ತು. ನಮ್ಮ ಆದಾಯ ಪ್ರಮಾಣಪತ್ರದಲ್ಲಿ ಬರೆದಿದ್ದುದು ಸರಿಯಾಗಿ 1,00,000. ತಂದೆಯವರು ಒಂದು ದಿನದ ಕೂಲಿಯನ್ನು ಬಿಟ್ಟು ನನ್ನೊಡನೆ ಬಂದಿದ್ದರು. ಕಿಟಕಿಯ ಹಿಂದಿದ್ದವರು ಪತ್ರವನ್ನು ನೋಡಿ, “ಒಂದು ಲಕ್ಷದ ಒಳಗಿರಬೇಕಪ್ಪಾ, ನಿಮ್ಮದು ಒಂದು ಲಕ್ಷವೇ ಆಗಿದೆಯಲ್ಲ” ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ನನಗೆ ಏನೋ ಸರಿಯಿಲ್ಲವೆನ್ನಿಸಿತು. ಆದರೆ ಅದೇನೆಂದು ಹೇಳಲು ಮಾತು ಬರಲಿಲ್ಲ. “ಓದಿದೋರು ಹೇಳ್ತಾವ್ರೆ, ಸರಿಯಾಗೇ ಇರ್ತದೆ, ಬಾ ಮಗ” ಎಂದು ತಂದೆಯವರು ನನ್ನನ್ನು ಕರೆದುಕೊಂಡು ಹೊರಟರು. ಆ ವರ್ಷದ ಖರ್ಚಿಗೆ ತಾಯಿಯವರು ಸಂಘದಿಂದ 6,000 ರೂಪಾಯಿ ಸಾಲ ತಂದರು. ಆ ಲೆಕ್ಕವು ಮತ್ತೆ ಸೊನ್ನೆಗೆ ಬರಲು ಒಂದು ವರ್ಷ ಪೂರ್ತಿ ಹಿಡಿಯಿತು.

ಅದೇ ವರ್ಷದ ಕೊನೆಯ ಭಾಗದಲ್ಲಿ ನಮ್ಮ ಗಣಿತದ ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಎರಡು ರೇಖೆಗಳನ್ನೆಳೆದು, ಒಂದರ ಮೇಲೆ ತುಂಬಿದ ಚುಕ್ಕೆಯನ್ನೂ ಇನ್ನೊಂದರ ಮೇಲೆ ಪೊಳ್ಳು ಚುಕ್ಕೆಯನ್ನೂ ಇಟ್ಟರು. ಪಾಠ ನಡೆಯುತ್ತಿದ್ದಂತೆಯೇ ನನಗೆ ಆ ಕಿಟಕಿಯ ನೆನಪಾಯಿತು. ‘ಮೀರಿರಬಾರದು’ ಎಂದರೆ ಕ್ಷ ≤ 1,00,000. ಒಂದು ಲಕ್ಷವು ಒಂದು ಲಕ್ಷವನ್ನು ಮೀರಿಲ್ಲ. ಅಚ್ಚಾಗಿದ್ದ ನಿಯಮದಲ್ಲಿದ್ದುದು ತುಂಬಿದ ಚುಕ್ಕೆ. ಕಿಟಕಿಯ ಹಿಂದಿದ್ದವರು ‘ಒಳಗೆ’ ಎಂಬ ಇನ್ನೊಂದು ಮಾತನ್ನು ಬಳಸಿದಾಗ ಅದು ಪೊಳ್ಳು ಚುಕ್ಕೆಯಾಯಿತು. ನಮ್ಮ ಮನೆಯವರು ಸರಿಯಾಗಿ ಆ ಚುಕ್ಕೆಯ ಮೇಲೆಯೇ ನಿಂತಿದ್ದೆವು.

ಮರುವರ್ಷ ನಾನೊಬ್ಬನೇ ಹೋದೆ. ಹಳೆಯ ಪ್ರಮಾಣಪತ್ರದ ಅವಧಿ ಇನ್ನೂ ಮುಗಿದಿರಲಿಲ್ಲ. ನಿಯಮದ ಸಾಲಿನ ಕೆಳಗೆ ಗೆರೆಯೆಳೆದು, ಪಕ್ಕದಲ್ಲಿ ಒಂದು ಸಂಖ್ಯಾರೇಖೆಯನ್ನೂ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ರೇಖೆಯನ್ನು ನೋಡಿ ನಸುನಕ್ಕರು. ಆದರೆ ಸಾಲನ್ನು ಎರಡು ಸಲ ಓದಿದರು. “ಮೀರಿರಬಾರದು ಅಂತಲೇ ಇದೆ. ನಿಮ್ಮದು ಮೀರಿಲ್ಲವಲ್ಲ” ಎಂದು ಅರ್ಜಿಯನ್ನು ತೆಗೆದುಕೊಂಡರು. ಹಿಂದಿನ ವರ್ಷದ ಹಣದ ಮಾತನ್ನೆತ್ತುವ ಧೈರ್ಯ ನನಗಾಗಲಿಲ್ಲ. ಮೊದಲ ಸಲ ಕಿಟಕಿಯಲ್ಲಿದ್ದವರು ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳಲಾರೆ. ‘ಮೀರಬಾರದು’ ಮತ್ತು ‘ಒಳಗಿರಬೇಕು’ ಎಂಬ ಮಾತುಗಳು ದಿನದ ಬಳಕೆಯಲ್ಲಿ ಒಂದೇ ಎನ್ನುವಂತೆ ಬೆರೆತುಹೋಗಿವೆ.

ಆದುದರಿಂದ ನಮ್ಮ ಭಾಷೆಯ ಕೆಲವು ಮಾತುಗಳನ್ನು ಚುಕ್ಕೆಯ ದೃಷ್ಟಿಯಿಂದ ವಿಂಗಡಿಸುವುದು ಉಪಯುಕ್ತವೆಂದು ತೋರುತ್ತದೆ. ‘ಮೀರದ’, ‘ಕನಿಷ್ಠ’, ‘ಗರಿಷ್ಠ’, ‘ಕಡಿಮೆಯಿಲ್ಲದ’, ‘ಹೆಚ್ಚಿಲ್ಲದ’ ಎಂಬಲ್ಲಿ ಚುಕ್ಕೆ ತುಂಬಿರುತ್ತದೆ. ‘ಕಡಿಮೆಯಿರುವ’, ‘ಹೆಚ್ಚಿರುವ’, ‘ಮೀರಿದ’, ‘ದಾಟಿದ’ ಎಂಬಲ್ಲಿ ಪೊಳ್ಳು. ‘ಒಳಗೆ’, ‘ವರೆಗೆ’, ‘ಮೇಲ್ಪಟ್ಟು’ ಎಂಬವುಗಳಲ್ಲಿ ಸಂದೇಹಕ್ಕೆ ಎಡೆಯಿದೆ. ಅಲ್ಲಿ ಎಲ್ಲೆಯ ಸಂಖ್ಯೆ ಸೇರಿದೆಯೋ ಇಲ್ಲವೋ ಎಂದು ಕೇಳಿಯೇ ತಿಳಿಯಬೇಕು. ‘ಕಡಿಮೆಯಿಲ್ಲದ’ ಎಂಬುದು ಎಷ್ಟು ಜಾಣತನದ ಮಾತು ನೋಡಿ: ‘ಕಡಿಮೆ’ ಎಂಬ ಪೊಳ್ಳು ಚುಕ್ಕೆಯ ಭಾಗವನ್ನು ‘ಇಲ್ಲದ’ ಎಂದು ತಳ್ಳಿಹಾಕಿದಾಗ ಉಳಿಯುವ ಇನ್ನೊಂದು ಭಾಗಕ್ಕೆ ಎಲ್ಲೆಯ ಬಿಂದುವೂ ಸೇರಿಬಿಡುತ್ತದೆ.

ಕಾನೂನುಗಳು ಈ ವಿಷಯದಲ್ಲಿ ಬಹಳ ಎಚ್ಚರ ವಹಿಸುತ್ತವೆ. ನಮ್ಮ ಸಂವಿಧಾನದ 326ನೆಯ ಅನುಚ್ಛೇದದ ಪ್ರಕಾರ ಮತದಾರನ ವಯಸ್ಸು 18 ವರ್ಷಕ್ಕೆ ಕಡಿಮೆಯಿರಬಾರದು. ಅಂದರೆ ಕ್ಷ ≥ 18, ತುಂಬಿದ ಚುಕ್ಕೆ. 1989ರಲ್ಲಿ ಜಾರಿಗೆ ಬಂದ 61ನೆಯ ತಿದ್ದುಪಡಿಗೆ ಮೊದಲು ಆ ಚುಕ್ಕೆ 21ರ ಮೇಲಿತ್ತು. 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮದಲ್ಲಿ ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕೆಂದಿದೆ. ಮತ ಹಾಕಬಹುದು, ಆದರೆ ಮದುವೆಯಾಗುವಂತಿಲ್ಲ ಎಂಬ ಹುಡುಗರ ವಯಸ್ಸನ್ನು ಬರೆದರೆ 18 ≤ ಕ್ಷ < 21 ಎಂದಾಗುತ್ತದೆ: ಒಂದು ತುದಿಯಲ್ಲಿ ತುಂಬಿದ ಚುಕ್ಕೆ, ಇನ್ನೊಂದು ತುದಿಯಲ್ಲಿ ಪೊಳ್ಳು ಚುಕ್ಕೆ. ಈ ಲೇಖಕನೂ ಇವನ ಸಹಪಾಠಿಗಳಲ್ಲಿ ಹಲವರೂ ಸದ್ಯಕ್ಕೆ ಈ ಖಂಡದಲ್ಲಿಯೇ ಇದ್ದೇವೆ. ಹುಡುಗಿಯ ವಯಸ್ಸು ಹದಿನೇಳು ವರ್ಷ ಹನ್ನೊಂದು ತಿಂಗಳಾಗಿದ್ದಾಗ “ಹದಿನೆಂಟಾಯ್ತು ಬಿಡಿ” ಎನ್ನುವ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ ಆ ಬಿಂದು 18ರ ಎಡಕ್ಕೇ ಇದೆ.

ಕಡೆಯದಾಗಿ ದೂರದ ಒಂದು ಉದಾಹರಣೆ. ರೇಖೆಯ ಮೇಲಿನ ಎರಡು ಸಂಖ್ಯೆಗಳ ನಡುವಣ ದೂರವೆಂದರೆ ದಿಕ್ಕನ್ನು ಲೆಕ್ಕಿಸದೆ ತೆಗೆದುಕೊಂಡ ಅವುಗಳ ವ್ಯತ್ಯಾಸ. ಅದನ್ನು ಎರಡು ನೆಟ್ಟಗೆರೆಗಳ ನಡುವೆ |ಕ್ಷ − 12| ಎಂದು ಬರೆಯುವರು. ಶಿಕ್ಷಣ ಹಕ್ಕಿನ 2009ರ ಅಧಿನಿಯಮದ ಕೆಳಗೆ 2010ರಲ್ಲಿ ಬಂದ ಕೇಂದ್ರ ನಿಯಮಗಳು, ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ನಡೆದು ಹೋಗುವ 3 ಕಿಲೋಮೀಟರ್ ದೂರದಲ್ಲಿ ಶಾಲೆಯಿರಬೇಕೆನ್ನುತ್ತವೆ. ನಮ್ಮ ರಸ್ತೆಯ 12ರ ಕಲ್ಲಿನ ಬಳಿ ಒಂದು ಶಾಲೆಯಿದೆಯೆಂದು ಭಾವಿಸೋಣ. ಯಾವ ಯಾವ ಕಲ್ಲುಗಳ ಬಳಿಯ ಮಕ್ಕಳಿಗೆ ಅದು ಸಾಕು? |ಕ್ಷ − 12| ≤ 3 ಎಂದರೆ 9 ≤ ಕ್ಷ ≤ 15. ರೇಖೆಯ ಮೇಲೆ 12ರಲ್ಲಿ ನಿಂತು ಎರಡು ಕಡೆಗೂ ಮೂರು ಮೂರು ಹೆಜ್ಜೆಯಿಟ್ಟರೆ ಉತ್ತರವು ಲೆಕ್ಕವಿಲ್ಲದೆಯೇ ದೊರೆಯುತ್ತದೆ. 15.4ರಲ್ಲಿ ಒಂದು ಹಟ್ಟಿಯಿದ್ದರೆ ಅಲ್ಲಿಯ ಮಕ್ಕಳಿಗೆ ಬೇರೆ ಶಾಲೆಯನ್ನೋ ಬೇರೆ ಏರ್ಪಾಟನ್ನೋ ಹುಡುಕಬೇಕು ಎಂಬುದೂ ಅದೇ ಚಿತ್ರದಿಂದ ತಿಳಿಯುತ್ತದೆ.

ಇದಿಷ್ಟು ನಾನು ಕಲಿತದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಂಥವರು ಅರ್ಜಿ, ನಿಯಮ, ಮಿತಿ ಎಂಬವುಗಳ ಮುಂದೆ ಮೇಲಿಂದ ಮೇಲೆ ನಿಲ್ಲಬೇಕಾಗುತ್ತದೆ, ಅನೇಕ ವೇಳೆ ಎಲ್ಲೆಯ ಅಂಚಿನಲ್ಲಿಯೇ. ಆಗ ಎದುರಿಗಿರುವವರ ಮೇಲೆ ಸಿಟ್ಟಾಗುವುದಕ್ಕಾಗಲಿ ತಲೆತಗ್ಗಿಸಿ ಹಿಂದಿರುಗುವುದಕ್ಕಾಗಲಿ ಮೊದಲು, ಬರೆದಿರುವ ಸಾಲನ್ನು ಒಮ್ಮೆ ಓದಿ ಒಂದು ರೇಖೆಯನ್ನು ಎಳೆದು ನೋಡಬೇಕೆಂದು ನನ್ನ ಕಿರಿಯ ಮಿತ್ರರಲ್ಲಿ ಬಿನ್ನಹ. ಕಳೆದ ದೀಪಾವಳಿಯ ರಜೆಯಲ್ಲಿ ನಾನು ಈ ಎರಡು ಚುಕ್ಕೆಗಳನ್ನು ತಂದೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಹಂಗಾರೆ ಆವತ್ತು ನಮ್ದೇ ಸರಿ ಇತ್ತಾ?” ಎಂದು ಕೇಳಿದರು. ಹೌದೆಂದೆ. “ನೀ ಓದಿದ್ದು ಒಳ್ಳೇದಾತು” ಎಂದು ಅವರು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು.